ಪ್ರಾಜೆಕ್ಟ್ ನಿರ್ವಹಣೆಯೋ, ಪ್ರೋಗ್ರಾಂ ನಿರ್ವಹಣೆಯೋ: ಆಯ್ದುಕೊಳ್ಳುವ ಮುನ್ನ

ಮುಂಬಯಿಯ ಅಂಧೇರಿಯಲ್ಲಿನ ಗೋಖಲೆ ಸೇತುವೆಯ ಒಂದು ಬದಿ 2024ರ ಫೆಬ್ರವರಿ 26ರಂದು ಸಂಚಾರಕ್ಕೆ ತೆರೆದುಕೊಂಡಾಗ, ಅದಕ್ಕೆ ಕೂಡಿಕೊಳ್ಳಬೇಕಾಗಿದ್ದ ಬರ್ಫಿವಾಲಾ ಮೇಲ್ಸೇತುವೆ ಕೈಗೆಟುಕುವಷ್ಟು ಹತ್ತಿರದಲ್ಲಿದ್ದರೂ ಎರಡರ ನಡುವೆ ಮೀಟರಿಗೂ ಮೀರಿದ ಎತ್ತರದ ವ್ಯತ್ಯಾಸವಿತ್ತು. ಹಳಿಗಳ ಮೇಲೆ ಹಾಯುವ ಹೊಸ ಸೇತುವೆ ರೈಲ್ವೆಯ ಈಗಿನ ನಿಯಮದಂತೆ ಹಳೆಯದಕ್ಕಿಂತ ಎತ್ತರವಾಗಲೇಬೇಕಾಗಿತ್ತು, ಹಾಗೆಯೇ ಆಯಿತು. ಮೇಲ್ಸೇತುವೆ ತಾನು ಮೊದಲಿದ್ದ ಮಟ್ಟದಲ್ಲಿಯೇ ಉಳಿಯಿತು, ಅದರಲ್ಲಿಯೂ ದೋಷವಿರಲಿಲ್ಲ. ಮುಂಬಯಿ ಮಂದಿ ನಕ್ಕರು, ಬೈದರು, ಫೋಟೊ ಹಂಚಿದರು. ಕಡೆಗೆ ಮೇಲ್ಸೇತುವೆಯ ಭಾಗವನ್ನು ಹೈಡ್ರಾಲಿಕ್ ಜಾಕಿಗಳಿಂದ ಮೇಲೆತ್ತಿ, ಜುಲೈ ತಿಂಗಳಲ್ಲಿ ಎರಡನ್ನೂ ಕೂಡಿಸಲಾಯಿತು.

ನನ್ನಂಥವರಿಗೆ ಆ ಚಿತ್ರ ನಗುವಿಗಿಂತ ಹೆಚ್ಚಾಗಿ ಕಚೇರಿಯನ್ನೇ ನೆನಪಿಗೆ ತಂದಿತು. ಒಂದೊಂದು ಕೆಲಸವನ್ನು ಅದರದೇ ಕಡತದಲ್ಲಿಟ್ಟು ನೋಡಿದರೆ ತಪ್ಪು ಹುಡುಕುವುದು ಕಷ್ಟ. ಎರಡು ಕಡತಗಳ ನಡುವಿನ ಜಾಗವನ್ನು ಯಾರು ನೋಡುತ್ತಿದ್ದರು ಎಂದು ಕೇಳಿದ ಕೂಡಲೇ ಮಾತು ನಿಲ್ಲುತ್ತದೆ. ಪ್ರಾಜೆಕ್ಟ್ ನಿರ್ವಹಣೆಗೂ ಪ್ರೋಗ್ರಾಂ ನಿರ್ವಹಣೆಗೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಆ ನಡುವಿನ ಜಾಗದಲ್ಲಿಯೇ ಇದೆ.

ಪುಣೆಯ ಹಿಂಜವಡಿಯಲ್ಲಿ ಒಂಬತ್ತು ವರ್ಷ, ಆ ಬಳಿಕ ಐರೋಲಿಯಲ್ಲಿ ಏಳು ವರ್ಷ ಈ ಎರಡೂ ಬಗೆಯ ಕೆಲಸ ಮಾಡಿರುವ ನನ್ನನ್ನು, ಇಲ್ಲಿನ ಕನ್ನಡ ಸಂಘಗಳ ಊಟದ ಪಂಕ್ತಿಯಲ್ಲಿ ಎರಡು ಬಗೆಯವರು ಈ ವಿಷಯ ಕೇಳುತ್ತಾರೆ. ಒಬ್ಬರು, ಎಂಟು ಹತ್ತು ವರ್ಷ ದುಡಿದು ಪ್ರಾಜೆಕ್ಟ್ ಮ್ಯಾನೇಜರ್ ಆಗಿ, ಈಗ ಪ್ರೋಗ್ರಾಂ ಮ್ಯಾನೇಜರ್ ಹುದ್ದೆಯ ಕರೆ ಬಂದಿರುವ ಎಳೆಯರು. ಇನ್ನೊಬ್ಬರು, ಒಂದು ವ್ಯಾಪಾರ ಕಟ್ಟಿ ಅದನ್ನು ನಾಲ್ಕು ಕಡೆ ಬೆಳೆಸಲು ಹೊರಟು, ಇದಕ್ಕೆಂದೇ ಒಬ್ಬರನ್ನು ನೇಮಿಸಬೇಕೇ ಎಂದು ಯೋಚಿಸುವವರು. ಈ ಬರಹ ಅವರಿಬ್ಬರಿಗೂ.

ಹೆಸರಿನ ತೊಡಕು

ಕನ್ನಡದಲ್ಲಿ ಇದನ್ನು ಬರೆಯಹೊರಟರೆ ಮೊದಲು ಕಾಲಿಗೆ ತೊಡರುವುದು ಪದಗಳೇ. ‘ಯೋಜನೆ’ ಎಂಬ ಒಂದೇ ಮಾತು ಪ್ಲಾನಿಗೂ ಆಗುತ್ತದೆ, ಸರ್ಕಾರದ ಸ್ಕೀಮಿಗೂ ಆಗುತ್ತದೆ, ಪ್ರಾಜೆಕ್ಟಿಗೂ ಆಗುತ್ತದೆ. ‘ಕಾರ್ಯಕ್ರಮ’ ಎಂದೊಡನೆ ನಮ್ಮವರ ಕಣ್ಣಿಗೆ ಬರುವುದು ವೇದಿಕೆ, ದೀಪ ಬೆಳಗುವುದು, ಹಾರ ತುರಾಯಿ. ನನಗೆ ಕಾರ್ಯಕ್ರಮ ನಿರ್ವಾಹಕನ ಹುದ್ದೆ ಸಿಕ್ಕಿದೆ ಎಂದು ಊರಿಗೆ ಫೋನು ಮಾಡಿ ಹೇಳಿದಾಗ ದೊಡ್ಡಮ್ಮ ಕೇಳಿದ್ದು, “ಮುಖ್ಯ ಅತಿಥಿ ಯಾರು ಮಾರಾಯ?” ಎಂದು. ಮರಾಠಿಯವರು ‘ಪ್ರಕಲ್ಪ’ ಎಂಬ ಪದವನ್ನು ಪ್ರಾಜೆಕ್ಟಿಗೆ ಮೀಸಲಿಟ್ಟು ಅರ್ಧ ತೊಡಕನ್ನಾದರೂ ಬಿಡಿಸಿಕೊಂಡಿದ್ದಾರೆ. ಇಲ್ಲಿ ನಾನು ಪ್ರಾಜೆಕ್ಟ್, ಪ್ರೋಗ್ರಾಂ ಎಂಬ ಬಳಕೆಯ ಮಾತುಗಳನ್ನೇ ಇಟ್ಟುಕೊಳ್ಳುತ್ತೇನೆ.

ಅಮೆರಿಕದಲ್ಲಿ 1969ರಲ್ಲಿ ಹುಟ್ಟಿದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್, ಅಂದರೆ ಪಿಎಂಐ, ಇವೆರಡಕ್ಕೂ ಕೊಡುವ ವಿವರಣೆಯನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು. ಹಿಂದೆ ಇಲ್ಲದ ಒಂದು ವಸ್ತುವನ್ನೋ ಸೇವೆಯನ್ನೋ ಫಲಿತವನ್ನೋ ಉಂಟುಮಾಡುವುದಕ್ಕಾಗಿ ಕೈಗೊಂಡ, ಆರಂಭ ಅಂತ್ಯಗಳುಳ್ಳ ತಾತ್ಕಾಲಿಕ ಪ್ರಯತ್ನವೇ ಪ್ರಾಜೆಕ್ಟ್. ಒಂದಕ್ಕೊಂದು ಸಂಬಂಧವಿರುವ ಹಲವು ಪ್ರಾಜೆಕ್ಟುಗಳನ್ನೂ ಇತರ ಕೆಲಸಗಳನ್ನೂ, ಬಿಡಿಬಿಡಿಯಾಗಿ ನಡೆಸಿದರೆ ಸಿಗದಿರುವ ಪ್ರಯೋಜನ ಸಿಗುವಂತೆ, ಹೊಂದಿಸಿಕೊಂಡು ನಡೆಸುವುದು ಪ್ರೋಗ್ರಾಂ. ಎರಡನೆಯ ವಿವರಣೆಯ ಜೀವವೆಲ್ಲ ‘ಬಿಡಿಬಿಡಿಯಾಗಿ ನಡೆಸಿದರೆ ಸಿಗದಿರುವ’ ಎಂಬ ಮಾತಿನಲ್ಲಿದೆ. ಓದುವವರು ಸಾಮಾನ್ಯವಾಗಿ ‘ಹಲವು ಪ್ರಾಜೆಕ್ಟುಗಳು’ ಎಂಬಲ್ಲಿಗೇ ನಿಂತುಬಿಡುತ್ತಾರೆ. ಹಾಗಾಗಿಯೇ ಪ್ರೋಗ್ರಾಂ ಎಂದರೆ ದೊಡ್ಡ ಪ್ರಾಜೆಕ್ಟ್ ಎಂಬ ತಿಳಿವಳಿಕೆ ಎಲ್ಲೆಡೆ ಹರಡಿದೆ.

ಗಾತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಶಿವಡಿಯಿಂದ ನ್ಹಾವಾ ಶೇವಾದ ಕಡೆಗೆ ಸಾಗುವ 21.8 ಕಿಲೋಮೀಟರ್ ಉದ್ದದ ಅಟಲ್ ಸೇತು, ಅದರಲ್ಲಿ ಸುಮಾರು 16.5 ಕಿಲೋಮೀಟರ್ ಸಮುದ್ರದ ಮೇಲಿದ್ದರೂ, ಕಟ್ಟಿ ಮುಗಿಸುವ ಮಟ್ಟಿಗೆ ಒಂದು ಭಾರೀ ಪ್ರಾಜೆಕ್ಟೇ: ಸೇತುವೆ ಸಿದ್ಧವಾದರೆ ಆಯಿತು, 2024ರ ಜನವರಿಯಲ್ಲಿ ಆಯಿತು. ಅದೇ ಒಂದು ಸಣ್ಣ ಶಾಲೆ ತನ್ನ ಫೀಸು, ಹಾಜರಿ, ಅಂಕಪಟ್ಟಿ ಮೂರನ್ನೂ ಕಾಗದದಿಂದ ಕಂಪ್ಯೂಟರಿಗೆ ತರಲು ಹೊರಟು, ಮೂರೂ ಒಂದೇ ವಿದ್ಯಾರ್ಥಿ ಪಟ್ಟಿಯನ್ನು ನೆಚ್ಚಿಕೊಂಡಿದ್ದರೆ, ಅದು ಪುಟ್ಟದೊಂದು ಪ್ರೋಗ್ರಾಂ.

ಲೋಕಲ್ ರೈಲಿನ ಪಾಠ

ಮುಂಬಯಿಯಲ್ಲಿದ್ದುಕೊಂಡು ಪ್ರೋಗ್ರಾಂ ಎಂದರೇನೆಂದು ತಿಳಿಯಲು ಪುಸ್ತಕ ಬೇಕಾಗಿಲ್ಲ, ಲೋಕಲ್ ಪಾಸ್ ಸಾಕು. ಮುಂಬಯಿ ಅರ್ಬನ್ ಟ್ರಾನ್ಸ್‌ಪೋರ್ಟ್ ಪ್ರಾಜೆಕ್ಟ್, ಎಲ್ಲರ ಬಾಯಲ್ಲಿ ಎಂಯುಟಿಪಿ, ಹೆಸರಿನಲ್ಲಿ ಪ್ರಾಜೆಕ್ಟ್ ಎಂದಿದ್ದರೂ ಸ್ವಭಾವದಲ್ಲಿ ಅಪ್ಪಟ ಪ್ರೋಗ್ರಾಂ. ಅದರ ರೈಲು ಭಾಗವನ್ನು ನಡೆಸಲೆಂದು 1999ರಲ್ಲಿ ಮುಂಬಯಿ ರೈಲ್ವೆ ವಿಕಾಸ್ ಕಾರ್ಪೊರೇಷನ್ ಸ್ಥಾಪನೆಯಾಯಿತು. ಅದರಲ್ಲಿ ರೈಲ್ವೆಯದು 51, ಮಹಾರಾಷ್ಟ್ರ ಸರ್ಕಾರದ್ದು 49 ಪ್ರತಿಶತ ಪಾಲು. ಮೊದಲ ಹಂತಕ್ಕೆ 2002ರಲ್ಲಿ ವಿಶ್ವಬ್ಯಾಂಕಿನ ಸಾಲ ಬಂತು.

ಉದ್ದೇಶ ಸರಳವಾಗಿತ್ತು: ಲೋಕಲಿನೊಳಗಿನ ನೂಕುನುಗ್ಗಲು ಕಡಿಮೆಯಾಗಬೇಕು. ಒಂಬತ್ತು ಡಬ್ಬಿಯ ಗಾಡಿಯನ್ನು ಹನ್ನೆರಡು ಡಬ್ಬಿಗೆ ಏರಿಸಿದರೆ ಅಷ್ಟೇ ಗಾಡಿಗಳಲ್ಲಿ ಮೂರನೆಯ ಒಂದು ಪಾಲು ಹೆಚ್ಚು ಜನ ಹಿಡಿಸುತ್ತಾರೆ. ಆದರೆ ಹನ್ನೆರಡು ಡಬ್ಬಿಗೆ ಪ್ಲಾಟ್‌ಫಾರ್ಮ್ ಸಾಲದು, ಉದ್ದ ಮಾಡಬೇಕು. ಗಾಡಿ ಹೆಚ್ಚಿದರೆ, ಉದ್ದವಾದರೆ, 1925ರಿಂದ ನಡೆದುಬಂದ 1500 ವೋಲ್ಟಿನ ಡಿಸಿ ವಿದ್ಯುತ್ತು ಸಾಲದು, 25 ಸಾವಿರ ವೋಲ್ಟಿನ ಎಸಿಗೆ ಬದಲಾಯಿಸಬೇಕು. ಎಸಿಯ ತಂತಿಗೆ ಹಳೆಯ ರಸ್ತೆ ಸೇತುವೆಗಳ ಅಡಿಯಲ್ಲಿ ಹೆಚ್ಚಿನ ಅಂತರ ಬೇಕು, ಆದ್ದರಿಂದ ಎಲ್ಲೋ ಸೇತುವೆಯನ್ನೋ ಹಳಿಯನ್ನೋ ಮುಟ್ಟಬೇಕು. ಹೊಸ ಹಳಿ ಹಾಕಬೇಕಾದರೆ ಹಳಿಯ ಪಕ್ಕದಲ್ಲಿಯೇ ಬದುಕು ಕಟ್ಟಿಕೊಂಡ ಕುಟುಂಬಗಳಿಗೆ ಬೇರೆಡೆ ಮನೆ ಕೊಡಬೇಕು. ಎಂಯುಟಿಪಿಯಲ್ಲಿ ಹೀಗೆ ಸ್ಥಳಾಂತರಗೊಂಡವರು ಸುಮಾರು 1 ಲಕ್ಷ ಜನ.

ಈ ಸರಪಳಿಯಲ್ಲಿ ಪ್ರತಿಯೊಂದು ಕೊಂಡಿಯೂ ಒಂದು ಪ್ರಾಜೆಕ್ಟ್. ಪ್ಲಾಟ್‌ಫಾರ್ಮ್ ಉದ್ದ ಮಾಡುವವರಿಗೆ ತಮ್ಮ ಅಳತೆ, ತಮ್ಮ ಕಾಂಟ್ರಾಕ್ಟರು, ತಮ್ಮ ದಿನಾಂಕ. ಹೊಸ ಗಾಡಿ ತರಿಸುವವರಿಗೆ ತಮ್ಮ ಟೆಂಡರು. ಆದರೆ ಗಾಡಿ ಮೊದಲು ಬಂದು ವಿದ್ಯುತ್ ಬದಲಾವಣೆ ಅರ್ಧಕ್ಕೆ ನಿಂತಿದ್ದರೆ ಏನು ಮಾಡಬೇಕು? 2007ರಿಂದ ಓಡತೊಡಗಿದ ಹೊಸ ಗಾಡಿಗಳನ್ನು ಡಿಸಿ, ಎಸಿ ಎರಡರಲ್ಲಿಯೂ ಓಡುವಂತೆ ಮಾಡಿಸಿಕೊಂಡದ್ದು ಈ ಕಾರಣಕ್ಕೆ. ಬರಿಯ ಗಾಡಿಯ ಪ್ರಾಜೆಕ್ಟನ್ನಷ್ಟೇ ನೋಡಿದರೆ ಎರಡು ಬಗೆಯ ವಿದ್ಯುತ್ತಿಗೂ ಒಗ್ಗುವ ಗಾಡಿ ಅನಗತ್ಯ ಖರ್ಚು ಎನಿಸುತ್ತದೆ. ಇಡೀ ಬದಲಾವಣೆ ಪಶ್ಚಿಮ ಮಾರ್ಗದಲ್ಲಿ 2012ಕ್ಕೆ, ಮಧ್ಯ ರೈಲ್ವೆಯ ಮುಖ್ಯ ಮಾರ್ಗದಲ್ಲಿ 2015ಕ್ಕೆ, ಹಾರ್ಬರ್ ಮಾರ್ಗದಲ್ಲಿ 2016ಕ್ಕೆ ಮುಗಿಯಿತು ಎಂಬುದನ್ನು ಎದುರಿಗಿಟ್ಟುಕೊಂಡರೆ ಆ ಖರ್ಚೇ ಉಳಿತಾಯವಾಗಿ ಕಾಣುತ್ತದೆ. ಇಂಥ ತೀರ್ಮಾನವನ್ನು ಯಾವ ಒಬ್ಬ ಪ್ರಾಜೆಕ್ಟ್ ಮ್ಯಾನೇಜರೂ ತನ್ನ ಬಜೆಟ್ಟಿನೊಳಗೆ ಕುಳಿತು ತೆಗೆದುಕೊಳ್ಳಲಾರರು, ತೆಗೆದುಕೊಳ್ಳಲೂಬಾರದು.

ಕೊಂಡಿ ಕಳಚಿದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಅಲ್ಲಿಯೇ ಇದೆ. ಡೊಂಬಿವಲಿಯಲ್ಲಿ ಮನೆಯಿರುವ ನನಗೆ ಇದು ಅಂಕಿಸಂಖ್ಯೆಯ ಮಾತಲ್ಲ, ಬೆನ್ನಿನ ನೋವಿನ ಮಾತು. ಕುರ್ಲಾದಿಂದ ಠಾಣೆಯವರೆಗೆ ಐದನೆಯ, ಆರನೆಯ ಹಳಿಗಳಿದ್ದವು. ದಿವಾದಿಂದ ಕಲ್ಯಾಣದವರೆಗೂ ಇದ್ದವು. ನಡುವಿನ ಠಾಣೆ–ದಿವಾ ತುಂಡು ಮಾತ್ರ ಇರಲಿಲ್ಲ. ಎರಡೂ ಕಡೆ ಕೆಲಸ ಪೂರ್ತಿಯಾಗಿದೆ ಎಂದು ಕಾಗದದ ಮೇಲೆ ಬರೆದಿದ್ದರೂ, ದೂರದೂರಿನ ಮೇಲ್, ಎಕ್ಸ್‌ಪ್ರೆಸ್ ಗಾಡಿಗಳು ನಡುವಿನ ಆ ಒಂಬತ್ತು ಕಿಲೋಮೀಟರಿನಷ್ಟು ಜಾಗದಲ್ಲಿ ಲೋಕಲುಗಳ ಹಳಿಗೇ ಬಂದು ಸೇರುತ್ತಿದ್ದವು, ನಾವು ಮುಂಬ್ರಾದ ಬಳಿ ಸಿಗ್ನಲಿಗೆ ಕಾಯುತ್ತ ಒಬ್ಬರ ಮೇಲೊಬ್ಬರು ಒರಗಿ ನಿಂತಿರುತ್ತಿದ್ದೆವು. 2008ರಲ್ಲಿ ಮಂಜೂರಾದ ಆ ತುಂಡು 2022ರ ಫೆಬ್ರವರಿ 18ರಂದು ಉದ್ಘಾಟನೆಯಾಯಿತು. ಅದರೊಡನೆ 36 ಹೊಸ ಲೋಕಲ್ ಓಡಾಟಗಳು ಸೇರಿದವು, ಅವುಗಳಲ್ಲಿ ಬಹುಪಾಲು ಹವಾನಿಯಂತ್ರಿತ ಗಾಡಿಗಳು. ಸಾಮಾನ್ಯ ದರ್ಜೆಯ ಪಾಸಿನವರಿಗೆ ಅದರಿಂದ ಎಷ್ಟು ಸುಖವಾಯಿತು ಎಂಬುದು ಬೇರೆ ಚರ್ಚೆ. ಆದರೆ ಆ ಚರ್ಚೆ ಏಳುವುದೇ ಪ್ರೋಗ್ರಾಂ ಮಟ್ಟದಲ್ಲಿ, ಏಕೆಂದರೆ ಹಳಿ ಹಾಕಿದವರ ಪ್ರಾಜೆಕ್ಟಿನಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನೊಂದು ಸಂಗತಿ. ಎಂಯುಟಿಪಿಯಲ್ಲಿ ಸಾಂತಾಕ್ರೂಜ್–ಚೆಂಬೂರ್, ಜೋಗೇಶ್ವರಿ–ವಿಕ್ರೋಲಿ ಕೂಡುರಸ್ತೆಗಳೂ ಇದ್ದವು. ಪುನರ್ವಸತಿಯಲ್ಲಿ ಕಂಡ ಕೊರತೆಗಳಿಗಾಗಿ ವಿಶ್ವಬ್ಯಾಂಕು 2006ರ ಮಾರ್ಚ್‌ನಲ್ಲಿ ರಸ್ತೆ ಮತ್ತು ಪುನರ್ವಸತಿ ಭಾಗಗಳ ಹಣವನ್ನು ಕೆಲವು ತಿಂಗಳು ತಡೆಹಿಡಿಯಿತು. ಮನೆ ಕೊಡುವ ಕೆಲಸ ಕುಂಟಿದರೆ ಡಾಂಬರಿನ ಹಣ ನಿಲ್ಲುತ್ತದೆ ಎಂಬುದನ್ನು ರಸ್ತೆಯ ಎಂಜಿನಿಯರು ತನ್ನ ರಿಸ್ಕ್ ಪಟ್ಟಿಯಲ್ಲಿ ಬರೆದುಕೊಂಡಿರುವುದು ಅಪರೂಪ. ಸಾಂತಾಕ್ರೂಜ್–ಚೆಂಬೂರ್ ರಸ್ತೆ ತೆರೆದದ್ದು 2014ರಲ್ಲಿ.

ಸೋಮವಾರ ಬೆಳಗ್ಗೆ ಇಬ್ಬರೂ ಏನು ಮಾಡುತ್ತಾರೆ

ಪ್ರಾಜೆಕ್ಟ್ ಮ್ಯಾನೇಜರ್ ಸೋಮವಾರ ಬೆಳಗ್ಗೆ ಕೇಳುವುದು, ಈ ವಾರ ಯಾವ ಕೆಲಸ ಮುಗಿಯಬೇಕು, ಯಾರಿಗೆ ಎಲ್ಲಿ ಅಡಚಣೆಯಾಗಿದೆ, ಬಜೆಟ್ಟಿನಲ್ಲಿ ಎಷ್ಟು ಉಳಿದಿದೆ ಎಂದು. ಅವರಿಗೆ ಸ್ಕೋಪ್, ಅಂದರೆ ಒಪ್ಪಿಕೊಂಡ ಕೆಲಸದ ವ್ಯಾಪ್ತಿ, ಎಂಬುದು ಬೇಲಿ. ಬೇಲಿಯ ಹೊರಗಿನಿಂದ ಬಂದ ಬೇಡಿಕೆಯನ್ನು ಚೇಂಜ್ ರಿಕ್ವೆಸ್ಟ್, ಅಂದರೆ ಬದಲಾವಣೆಯ ವಿಧಿವತ್ತಾದ ಕೋರಿಕೆ, ಇಲ್ಲದೆ ಒಳಗೆ ಬಿಡಬಾರದು. ಒಳ್ಳೆಯ ಪ್ರಾಜೆಕ್ಟ್ ಮ್ಯಾನೇಜರ್ ಆ ಮಟ್ಟಿಗೆ ಸ್ವಲ್ಪ ಜಿಪುಣರಾಗಿರಲೇಬೇಕು.

ಪ್ರೋಗ್ರಾಂ ಮ್ಯಾನೇಜರ್ ಅದೇ ಸೋಮವಾರ ನೋಡುವುದು, ಒಂದು ತಂಡ ಎರಡು ವಾರ ತಡವಾದರೆ ಯಾವ ಯಾವ ತಂಡಗಳಿಗೆ ಅದರ ಬಿಸಿ ತಟ್ಟುತ್ತದೆ, ನಾಲ್ಕನೆಯ ಪ್ರಾಜೆಕ್ಟು ಇನ್ನೂ ಬೇಕೇ, ಇಷ್ಟೆಲ್ಲ ಮಾಡಿದ್ದಕ್ಕೆ ಬಳಸುವ ಜನರ ಕೆಲಸ ನಿಜವಾಗಿ ಹಗುರವಾಗುತ್ತಿದೆಯೇ ಎಂದು. ಅವರಿಗೆ ಬದಲಾವಣೆ ಶತ್ರುವಲ್ಲ. ಮಾರುಕಟ್ಟೆ ಬದಲಾದರೆ ನಡೆಯುತ್ತಿರುವ ಪ್ರಾಜೆಕ್ಟೊಂದನ್ನು ನಿಲ್ಲಿಸಿ ಹೊಸದೊಂದನ್ನು ಸೇರಿಸುವುದು ಅವರ ಕೆಲಸದ ಭಾಗವೇ. ಸಮಯಕ್ಕೆ ಸರಿಯಾಗಿ, ಬಜೆಟ್ಟಿನೊಳಗೆ ಸಾಗುತ್ತಿರುವ ಪ್ರಾಜೆಕ್ಟನ್ನು ನಿಲ್ಲಿಸುವುದಿದೆಯಲ್ಲ, ಅದಕ್ಕೆ ಬೇಕಾದ ಎದೆಗಾರಿಕೆಯನ್ನು ಯಾವ ತರಬೇತಿಯೂ ಕಲಿಸಿಕೊಡುವುದಿಲ್ಲ.

ಈ ವ್ಯತ್ಯಾಸ ನನ್ನ ತಲೆಗೆ ಇಳಿದದ್ದು ಒಂದು ಕಹಿ ಅನುಭವದಿಂದ. ವಿಮಾ ಕಂಪನಿಯೊಂದು ತನ್ನ ಕ್ಲೇಮುಗಳ ವ್ಯವಸ್ಥೆಯನ್ನು ಪೂರ್ತಿ ಹೊಸದು ಮಾಡುತ್ತಿತ್ತು. ಸಾಫ್ಟ್‌ವೇರ್ ಭಾಗಕ್ಕೆ ನಾನು ಪ್ರಾಜೆಕ್ಟ್ ಮ್ಯಾನೇಜರ್. ಹಳೆಯ ಡೇಟಾ ಸಾಗಿಸುವುದು, ಸಿಬ್ಬಂದಿಗೆ ತರಬೇತಿ, ಕಾಲ್ ಸೆಂಟರ್, ಸರ್ವರುಗಳು ಇತರ ನಾಲ್ವರ ಪಾಲು. ಪ್ರತಿ ಶುಕ್ರವಾರ ಐದು ಸಾಲುಗಳ ಸ್ಟೇಟಸ್ ಹಾಳೆ ಹೋಗುತ್ತಿತ್ತು, ಕಡೆಯ ತಿಂಗಳಿಡೀ ಐದೂ ಸಾಲು ಹಸಿರು. ಶನಿವಾರ ರಾತ್ರಿ ಹೊಸ ವ್ಯವಸ್ಥೆಗೆ ಬದಲಾಯಿಸಿದೆವು, ಭಾನುವಾರ ಪರೀಕ್ಷಿಸಿದೆವು, ಎಲ್ಲ ನೆಟ್ಟಗಿತ್ತು. ಸೋಮವಾರ ಹನ್ನೊಂದರ ಹೊತ್ತಿಗೆ ಕಾಲ್ ಸೆಂಟರು ಕರೆಗಳ ಭಾರಕ್ಕೆ ಕುಸಿಯಿತು, ಯಾಕೆಂದರೆ ಕ್ಲೇಮು ಹಾಕಿದ ಯಾರಿಗೂ ಎಸ್ಸೆಮ್ಮೆಸ್ ಹೋಗುತ್ತಿರಲಿಲ್ಲ. 2021ರಿಂದೀಚೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮದಂತೆ ಕಂಪನಿಗಳು ಕಳುಹಿಸುವ ಸಂದೇಶದ ಒಕ್ಕಣೆಯನ್ನು ಟೆಲಿಕಾಂ ಸಂಸ್ಥೆಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿರಬೇಕು; ನೋಂದಾಯಿಸಿದ ಮಾದರಿಗೆ ಹೊಂದದ ಸಂದೇಶ ತಡೆಯಲ್ಪಡುತ್ತದೆ. ಹೊಸ ಸಾಫ್ಟ್‌ವೇರಿನಲ್ಲಿ ನಾವು ಒಕ್ಕಣೆಯನ್ನು ತಿದ್ದಿದ್ದೆವು, ‘ಗ್ರಾಹಕರೇ’ ಎಂದಿದ್ದಲ್ಲಿ ಅವರವರ ಹೆಸರು ಬರುವಂತೆ ಚೆಂದ ಮಾಡಿದ್ದೆವು. ಅದನ್ನು ಮರುನೋಂದಣಿ ಮಾಡಿಸುವುದು ಐವರಲ್ಲಿ ಯಾರ ಹಾಳೆಯಲ್ಲಿಯೂ ಇರಲಿಲ್ಲ.

ನನ್ನನ್ನು ಯಾರೂ ಬೈಯಲಿಲ್ಲ. ನನ್ನ ಪ್ರಾಜೆಕ್ಟು ಹೇಳಿದ ದಿನಕ್ಕೆ, ಹೇಳಿದ ಖರ್ಚಿನಲ್ಲಿ ಮುಗಿದಿತ್ತು. ತಿಂಗಳ ಕೊನೆಗೆ ಮೆಚ್ಚುಗೆಯ ಪತ್ರವೂ ಬಂತು. ಆಸ್ಪತ್ರೆಯಲ್ಲಿ ಕುಳಿತು ಕ್ಲೇಮಿನ ಸಂದೇಶಕ್ಕೆ ಕಾಯುತ್ತಿದ್ದವರಿಗೆ ಆ ಪತ್ರದಿಂದ ಆಗಬೇಕಾದದ್ದೇನೂ ಇರಲಿಲ್ಲ. ಐದು ಹಸಿರು ಸಾಲುಗಳನ್ನು ಕೂಡಿಸಿದರೆ ಆರನೆಯ ಹಸಿರು ತಾನಾಗಿ ಹುಟ್ಟುವುದಿಲ್ಲ ಎಂಬುದನ್ನು ಅಂದಿನಿಂದ ನಾನು ಪ್ರತಿ ಹೊಸ ಕೆಲಸದ ಮೊದಲ ದಿನ ಎಲ್ಲರಿಗೂ ಹೇಳುತ್ತೇನೆ.

ಹಣದ ಲೆಕ್ಕದಲ್ಲಿಯೂ ಅವಧಿಯಲ್ಲಿಯೂ ಇದೇ ವ್ಯತ್ಯಾಸ ಮುಂದುವರಿಯುತ್ತದೆ, ಅದನ್ನು ಎಳೆಯುವುದಿಲ್ಲ. ಪ್ರಾಜೆಕ್ಟು ಒಪ್ಪಿಸಿದ ದಿನ ಮುಗಿಯುತ್ತದೆ; ಪ್ರೋಗ್ರಾಂ, ಪ್ರಯೋಜನ ಕಂಡು, ಅದನ್ನು ಉಳಿಸಿಕೊಳ್ಳುವವರ ಕೈಗೆ ಒಪ್ಪಿಸುವವರೆಗೆ ಉಳಿಯಬೇಕಾಗುತ್ತದೆ. ಬ್ರಿಟನ್ನಿನ ಸರ್ಕಾರದಲ್ಲಿ ಹುಟ್ಟಿದ ಎರಡು ಪದ್ಧತಿಗಳಲ್ಲಿ, ಪ್ರಾಜೆಕ್ಟಿಗಾಗಿ 1996ರಲ್ಲಿ ಬಂದ ಪ್ರಿನ್ಸ್‌2 ಮತ್ತು ಪ್ರೋಗ್ರಾಮಿಗಾಗಿ 1999ರಲ್ಲಿ ಬಂದ ಎಂಎಸ್‌ಪಿ, ಎರಡನೆಯದರಲ್ಲಿ ‘ಬಿಸಿನೆಸ್ ಚೇಂಜ್ ಮ್ಯಾನೇಜರ್’ ಎಂಬ ಪ್ರತ್ಯೇಕ ಪಾತ್ರವೇ ಇದೆ. ಹೊಸ ವ್ಯವಸ್ಥೆ ಬಂದ ಮೇಲೆ ಅಲ್ಲಿ ದುಡಿಯುವವರ ರೂಢಿ ನಿಜವಾಗಿ ಬದಲಾಗಿ ಪ್ರಯೋಜನ ದೊರೆಯುವಂತೆ ನೋಡಿಕೊಳ್ಳುವುದು ಅವರ ಹೊಣೆ. ನಮ್ಮ ಕಡೆಯ ಕಂಪನಿಗಳು ಪ್ರೋಗ್ರಾಮಿನ ಮಿಕ್ಕೆಲ್ಲ ಪರಿಭಾಷೆಯನ್ನು ತಂದುಕೊಂಡಿವೆ, ಈ ಒಂದು ಪಾತ್ರವನ್ನು ಮಾತ್ರ ಸಂಬಳ ಉಳಿಸಲು ಬಿಟ್ಟುಬಿಡುತ್ತವೆ. ನನ್ನ ಲೆಕ್ಕದಲ್ಲಿ ಅದೇ ಅತ್ಯಂತ ದುಬಾರಿಯ ಉಳಿತಾಯ.

ಪೋರ್ಟ್‌ಫೋಲಿಯೊ ಎಂಬ ಮೂರನೆಯ ಮಾತೂ ಕಿವಿಗೆ ಬೀಳುತ್ತದೆ. ಮಹಾನಗರಪಾಲಿಕೆಯೊಂದರ ಬಜೆಟ್ಟಿನಲ್ಲಿ ಆಸ್ಪತ್ರೆ, ಚರಂಡಿ, ರಸ್ತೆ ಮೂರೂ ಇರುತ್ತವೆ, ಒಂದೇ ಖಜಾನೆಯಿಂದ ಹಣ ಹಂಚಬೇಕಾಗುತ್ತದೆ. ಆದರೆ ಆಸ್ಪತ್ರೆಯ ಪ್ರಯೋಜನ ಚರಂಡಿ ಮುಗಿಯುವುದನ್ನು ಕಾಯುವುದಿಲ್ಲ. ಹಣವನ್ನು ಎಲ್ಲಿ ಹೂಡಬೇಕು ಎಂದು ಆಯ್ದು ಹಂಚುವ ಕೆಲಸವದು, ಪ್ರೋಗ್ರಾಂ ಅಲ್ಲ. ಹಾಗೆಯೇ ನಾಲ್ಕು ಪ್ರಾಜೆಕ್ಟುಗಳು ಒಂದೇ ಟೆಸ್ಟಿಂಗ್ ತಂಡವನ್ನು ಹಂಚಿಕೊಂಡಿವೆ ಎಂದ ಮಾತ್ರಕ್ಕೆ ಅವು ಪ್ರೋಗ್ರಾಂ ಆಗುವುದಿಲ್ಲ.

ಹುದ್ದೆಯ ಕರೆ ಬಂದವರಿಗೆ

ಪುಣೆಯ ಹಿಂಜವಡಿ, ಖರಾಡಿಗಳಲ್ಲಿ, ನವಿ ಮುಂಬಯಿಯ ಐರೋಲಿಯಲ್ಲಿ, ಮುಂಬಯಿಯ ಪವಯಿಯಲ್ಲಿ ಪ್ರೋಗ್ರಾಂ ಮ್ಯಾನೇಜರ್ ಎಂಬ ಹಲಗೆ ಹೊತ್ತ ಹುದ್ದೆಗಳಲ್ಲಿ ಹಲವು, ಒಳಹೊಕ್ಕು ನೋಡಿದರೆ, ಬೇರೆಯೇ ಕೆಲಸಗಳು. ಬಡ್ತಿ ಕೊಡಬೇಕು, ಸಂಬಳ ಏರಿಸಲಾಗದು ಎಂದಾಗ ಹಿರಿಯ ಪ್ರಾಜೆಕ್ಟ್ ಮ್ಯಾನೇಜರಿಗೆ ಈ ಹೆಸರು ಕೊಡುವುದುಂಟು. ಎಲ್ಲರಿಂದ ಸ್ಟೇಟಸ್ ಬೇಡಿ ತಂದು ಒಂದೇ ಸ್ಲೈಡಿಗೆ ಅಂಟಿಸುವ ಕೆಲಸಕ್ಕೂ ಇದೇ ಹೆಸರು. ಪ್ರಾಡಕ್ಟ್ ಕಂಪನಿಗಳಲ್ಲಿನ ಟೆಕ್ನಿಕಲ್ ಪ್ರೋಗ್ರಾಂ ಮ್ಯಾನೇಜರ್ ಇನ್ನೊಂದು ಜಾತಿ: ಅವರ ಕೈಕೆಳಗೆ ಹೆಚ್ಚಾಗಿ ಒಬ್ಬರೂ ಇರುವುದಿಲ್ಲ, ಹಲವು ಎಂಜಿನಿಯರಿಂಗ್ ತಂಡಗಳ ನಡುವೆ ಓಡಾಡಿ, ಮಾತಿನ ಬಲದಿಂದಲೇ ಕೆಲಸ ಕೂಡಿಸಬೇಕು. ಮೂರರಲ್ಲಿ ನಿಜವಾದ ಪ್ರೋಗ್ರಾಂ ಕೆಲಸಕ್ಕೆ ಹತ್ತಿರವಿರುವುದು ಈ ಕೊನೆಯದೇ.

ಹೆಸರನ್ನು ನಂಬದೆ, ಸಂದರ್ಶನದಲ್ಲಿ ನೀವೇ ಕೇಳಿ. ಈ ಪ್ರೋಗ್ರಾಂ ಯಶಸ್ವಿಯಾಯಿತೆಂದು ಯಾವ ಅಂಕಿಯಿಂದ ಗೊತ್ತಾಗುತ್ತದೆ, ಆ ಅಂಕಿಯನ್ನು ಇಂದು ಯಾರು ಅಳೆಯುತ್ತಿದ್ದಾರೆ ಎಂದು ಕೇಳಿ. ಎದುರಿನವರು ದಿನಾಂಕಗಳನ್ನಷ್ಟೇ ಹೇಳಿದರೆ ಅದು ದೊಡ್ಡ ಪ್ರಾಜೆಕ್ಟ್. ಪ್ರಾಜೆಕ್ಟ್ ಮ್ಯಾನೇಜರುಗಳು ನನಗೆ ವರದಿ ಮಾಡುತ್ತಾರೆಯೇ, ಇಲ್ಲವಾದರೆ ಅವರ ನಡುವೆ ಜಗಳ ಬಂದಾಗ ತೀರ್ಪು ಯಾರದು ಎಂದು ಕೇಳಿ. ಒಂದು ಪ್ರಾಜೆಕ್ಟನ್ನು ನಿಲ್ಲಿಸಬೇಕೆಂದು ನಾನು ಹೇಳಿದರೆ ಅದನ್ನು ಯಾವ ಸಮಿತಿ ಎಷ್ಟು ದಿನದಲ್ಲಿ ಕೇಳಿಸಿಕೊಳ್ಳುತ್ತದೆ ಎಂದೂ ಕೇಳಿ. ಈ ಕೊನೆಯ ಪ್ರಶ್ನೆಗೆ ಎದುರಿನವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರೆ ನಿಮಗೆ ಹೊಣೆಯಿದೆ, ಅಧಿಕಾರವಿಲ್ಲ ಎಂದು ತಿಳಿಯಿರಿ.

ಸರ್ಟಿಫಿಕೇಟುಗಳ ವಿಷಯದಲ್ಲಿ ಗೊಂದಲ ಬೇಡ. ಪಿಎಂಐ ಕೊಡುವ ಪಿಎಂಪಿ ಪ್ರಾಜೆಕ್ಟಿನದು, 1984ರಿಂದ ಇದೆ. 2007ರಲ್ಲಿ ಆರಂಭವಾದ ಪಿಜಿಎಂಪಿ ಪ್ರೋಗ್ರಾಮಿನದು. ಪಿಜಿಎಂಪಿಗೆ ಅರ್ಜಿ ಹಾಕುವ ಪದವೀಧರರಿಗೆ ಪ್ರಾಜೆಕ್ಟಿನ ಅನುಭವದ ಮೇಲೆ ನಾಲ್ಕು ವರ್ಷದ ಪ್ರೋಗ್ರಾಂ ಅನುಭವವೂ ಬೇಕು, ಪರೀಕ್ಷೆಗೆ ಕೂರುವ ಮೊದಲೇ ಅನುಭವಿಗಳ ಸಮಿತಿಯೊಂದು ನೀವು ಬರೆದುಕೊಟ್ಟ ಅನುಭವದ ವಿವರವನ್ನು ಓದಿ ಒಪ್ಪಬೇಕು. ಎಂದರೆ ಪಿಎಂಪಿ ಮಾಡಿಕೊಂಡು ಕೆಲಸ ಹುಡುಕಬಹುದು. ಪಿಜಿಎಂಪಿ ಮಾಡಿಕೊಳ್ಳಬೇಕಾದರೆ ಆ ಕೆಲಸದಲ್ಲಿ ಮೊದಲೇ ನುರಿತಿರಬೇಕು. ಎಚ್‌ಆರ್‌ನವರ ಜರಡಿಯಲ್ಲಿ ಹೆಸರು ಉಳಿಯಲು ಪಿಎಂಪಿ ಸಾಕಾಗುತ್ತದೆ ಎಂಬುದು ನಾನು ಕಂಡದ್ದು.

ಸ್ವಭಾವವನ್ನೂ ನೋಡಿಕೊಳ್ಳಬೇಕು. ಸಂಜೆ ಮನೆಗೆ ಹೋಗುವಾಗ ‘ಇಂದು ಇದನ್ನು ಮುಗಿಸಿದೆ’ ಎಂಬ ತೃಪ್ತಿ ಬೇಕೆನಿಸುವವರು ಪ್ರಾಜೆಕ್ಟಿನಲ್ಲಿಯೇ ಇರುವುದು ಒಳ್ಳೆಯದು, ಅದರಲ್ಲಿ ಕೀಳೆನ್ನುವುದೇನೂ ಇಲ್ಲ. ಹತ್ತು ಪ್ರೋಗ್ರಾಂ ಮ್ಯಾನೇಜರುಗಳಿಗಿಂತ ಒಬ್ಬ ನುರಿತ ಪ್ರಾಜೆಕ್ಟ್ ಮ್ಯಾನೇಜರ್ ಸಿಗುವುದು ಕಷ್ಟ. ಪ್ರೋಗ್ರಾಮಿನಲ್ಲಿ ತಿಂಗಳುಗಟ್ಟಲೆ ಏನೂ ಮುಗಿಯುವುದಿಲ್ಲ, ಮಾಡಿದ್ದು ಸರಿಯೋ ತಪ್ಪೋ ಎಂದು ಹೇಳುವವರೂ ಇರುವುದಿಲ್ಲ. ಹೊಸದಾಗಿ ಹೋದವರು ಆ ಮಬ್ಬನ್ನು ತಾಳಲಾರದೆ ಹಳೆಯ ಚಾಳಿಗೆ ಮರಳಿ, ಪ್ರತಿಯೊಬ್ಬ ಪ್ರಾಜೆಕ್ಟ್ ಮ್ಯಾನೇಜರಿನ ಹಾಳೆಯ ಪ್ರತಿಯೊಂದು ಸಾಲನ್ನೂ ತಿದ್ದತೊಡಗುತ್ತಾರೆ. ನಾನೂ ಮೊದಲ ಆರು ತಿಂಗಳು ಅದನ್ನೇ ಮಾಡಿದೆ, ನಾಲ್ವರನ್ನೂ ಕಾಡಿದೆ, ನಡುವಿನ ಜಾಗವನ್ನು ಮಾತ್ರ ನೋಡಲಿಲ್ಲ. ಕನಿಷ್ಠ ಎರಡು ಪ್ರಾಜೆಕ್ಟುಗಳನ್ನು ಆರಂಭದಿಂದ ಕೊನೆಯವರೆಗೆ ನಡೆಸಿ, ಅದರಲ್ಲಿ ಒಂದಾದರೂ ಕೈಕೊಟ್ಟಿರುವ ಅನುಭವವಿಲ್ಲದೆ ಆ ಕುರ್ಚಿಗೆ ಆತುರಪಡಬೇಡಿ ಎಂದೇ ನಾನು ಹೇಳುತ್ತೇನೆ.

ವ್ಯಾಪಾರ ಬೆಳೆಸುವವರಿಗೆ

ಕುಂದಾಪುರದ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಮೂವತ್ತು ವರ್ಷದಿಂದ ಹೋಟೆಲ್ ನಡೆಸುತ್ತಿರುವ ಪರಿಚಯದ ಒಬ್ಬರು, ಕಲ್ಯಾಣದಲ್ಲಿ ಎರಡನೆಯ ಹೋಟೆಲ್ ತೆರೆದಾಗ ಯಾರ ಸಲಹೆಯನ್ನೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಜಾಗ, ಲೈಸೆನ್ಸು, ಒಲೆ, ಭಟ್ಟರು, ಪೂಜೆ, ಅದು ಪ್ರಾಜೆಕ್ಟ್. ಅಕ್ಕನ ಮಗನೊಬ್ಬ ನಿಂತು ಮಾಡಿಸಿದ, ಆಯಿತು. ಮೂರು ವರ್ಷದ ಬಳಿಕ ಅವರು ಬೇರೆ ಬಗೆಯ ಲೆಕ್ಕ ಹಾಕಿದರು: ಒಂದೇ ಕಡೆ ದೊಡ್ಡ ಅಡುಗೆಮನೆ ಮಾಡಿ, ಇಡ್ಲಿ ದೋಸೆಯ ಹಿಟ್ಟು, ಚಟ್ನಿ, ಸಾಂಬಾರನ್ನು ಅಲ್ಲಿಂದಲೇ ಕಳುಹಿಸಿದರೆ, ಠಾಣೆ, ಮುಲುಂಡ್ ಸೇರಿದಂತೆ ನಾಲ್ಕು ಸಣ್ಣ ಅಂಗಡಿಗಳನ್ನು ಕಡಿಮೆ ಜಾಗದಲ್ಲಿ, ಕಡಿಮೆ ಆಳಿನಲ್ಲಿ ನಡೆಸಬಹುದು. ನನ್ನನ್ನು ಚಹಾಕ್ಕೆ ಕರೆದು ಕೇಳಿದರು, “ನಾಲ್ಕು ಅಂಗಡಿಗೆ ನಾಲ್ಕು ಮಂದಿ ಮ್ಯಾನೇಜರ್ ಇರ್ತಾರಲ್ಲ ಮಾರಾಯ್ರೆ, ಮತ್ತೆ ಐದನೆಯವ ಯಾಕೆ?”

ನಾನು ಅವರಿಗೆ ಹೇಳಿದ್ದು ಇಷ್ಟೇ. ಈ ಸಲ ಅಂಗಡಿಗಳ ಲಾಭ ಅಂಗಡಿಗಳಲ್ಲಿಲ್ಲ, ಅಡುಗೆಮನೆಯಲ್ಲಿದೆ. ಅಡುಗೆಮನೆಯ ಲಾಭ ಅಂಗಡಿಗಳಲ್ಲಿದೆ. ಅಡುಗೆಮನೆ ಸಿದ್ಧವಾಗಿ ಒಂದೇ ಅಂಗಡಿ ತೆರೆದಿದ್ದರೆ ದೊಡ್ಡ ಗ್ರೈಂಡರು ಅರ್ಧ ಹೊಟ್ಟೆಯಲ್ಲಿ ತಿರುಗುತ್ತದೆ. ಅಂಗಡಿಗಳು ಮೊದಲು ತೆರೆದು ಅಡುಗೆಮನೆ ತಡವಾದರೆ ನಾಲ್ಕು ಕಡೆಯ ಬಾಡಿಗೆ ತಿಂಗಳು ತಿಂಗಳು ಓಡುತ್ತದೆ, ರುಬ್ಬಲು ಅಲ್ಲಿ ಜಾಗವಿಲ್ಲ. ಆಹಾರದ ಲೈಸೆನ್ಸು ಒಂದೊಂದು ಜಾಗಕ್ಕೂ ಬೇರೆ ಬೇರೆ, ಅಡುಗೆಮನೆಗೂ ಪ್ರತ್ಯೇಕ. ಇದಲ್ಲದೆ ಮೇ ತಿಂಗಳಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಹೊರಟ ಹಿಟ್ಟು ದಾರಿಯಲ್ಲಿಯೇ ಉಬ್ಬಿ ಹುಳಿ ಏರುತ್ತದೆ, ಜನವರಿಯಲ್ಲಿ ಅದೇ ಹಿಟ್ಟು ಉಬ್ಬುವುದೇ ಇಲ್ಲ. ಅದನ್ನು ನೋಡಿಕೊಳ್ಳುವುದು ಅಡುಗೆಮನೆಯವರ ಕೆಲಸವೋ, ಟೆಂಪೊದವರದೋ, ಅಂಗಡಿಯವರದೋ ಎಂದು ನಾನು ಕೇಳಿದಾಗ ಅವರು ಲೋಟ ಕೆಳಗಿಟ್ಟರು.

ಇಂಥ ಕಡೆ ಐದನೆಯವರು ಬೇಕು. ಅವರಿಗೆ ದೊಡ್ಡ ಹೆಸರು ಬೇಡ, ಆದರೆ ‘ಮುಲುಂಡಿನ ಅಂಗಡಿ ಎರಡು ತಿಂಗಳು ನಿಲ್ಲಲಿ’ ಎಂದು ಹೇಳಿದರೆ ಧಣಿಗಳು ಕಿವಿಗೊಡುವಂತಿರಬೇಕು. ಅದೇ ಅವರು ನಾಲ್ಕು ಊರಿನಲ್ಲಿ ನಾಲ್ಕು ಪೂರ್ಣ ಹೋಟೆಲುಗಳನ್ನು, ಒಂದೊಂದರಲ್ಲಿಯೂ ಅದರದೇ ಅಡುಗೆಮನೆಯಿಟ್ಟು ತೆರೆಯುವುದಾಗಿದ್ದರೆ, ಐದನೆಯವರ ಸಂಬಳ ದಂಡ ಎಂದೇ ನಾನು ಹೇಳುತ್ತಿದ್ದೆ. ಒಂದು ತಡವಾದರೆ ಉಳಿದ ಮೂರಕ್ಕೆ ಏನೂ ಆಗದು, ಧಣಿಗಳ ಡೈರಿಯೇ ಸಾಕು.

ಅವರು ಕಡೆಗೆ ಮಾಡಿದ್ದು ಹೀಗೆ. ಕಲ್ಯಾಣದ ಹೋಟೆಲಿನ ಹಿಂಬದಿಯಲ್ಲಿಯೇ ತಾತ್ಕಾಲಿಕವಾಗಿ ರುಬ್ಬಿಸಿ, ಮುಚ್ಚಳವಿರುವ ಸ್ಟೀಲಿನ ಕ್ಯಾನುಗಳಲ್ಲಿ ತುಂಬಿ, ಒಂದು ತಿಂಗಳು ಪ್ರತಿ ಬೆಳಗಿನ ಜಾವ ಟೆಂಪೊವನ್ನು ಮು‍ಲುಂಡಿನವರೆಗೆ ಓಡಿಸಿ ತಂದರು. ಹಿಟ್ಟು ಎಷ್ಟು ಉಬ್ಬಿತು ಎಂದು ಅಕ್ಕನ ಮಗ ಕ್ಯಾನಿಗೆ ಚಾಕಿನಿಂದ ಗೆರೆ ಎಳೆದು ಬರೆದಿಟ್ಟ. ಬಾಡಿಗೆಯ ಕರಾರಿಗೆ ಅವರು ಸಹಿ ಹಾಕಿದ್ದು ಆ ನಂತರ, ಅದೂ ನಾಲ್ಕರ ಬದಲು ಎರಡಕ್ಕೆ.